ಗರುಡಫಲದ ಎಣ್ಣೆ: ಕುಷ್ಠರೋಗಿಗಳ ಶುಶ್ರೂಷೆಯ ಇತಿಹಾಸದಲ್ಲಿ ಒಂದು ಅಧ್ಯಾಯ

ಶತಮಾನೋತ್ಸವದಂಥ ಶುಭ ಸಂದರ್ಭದಲ್ಲಿ ನಾವು ಸಾಮಾನ್ಯವಾಗಿ ಸ್ಮರಿಸುವುದು ದೇವಾಲಯದ ಅಡಿಗಲ್ಲನ್ನು, ಗಂಟೆಗೋಪುರವನ್ನು, ಕಾಲಕಾಲಕ್ಕೆ ಸೇವೆ ಸಲ್ಲಿಸಿದ ಧರ್ಮಗುರುಗಳನ್ನು. ಇದು ಯುಕ್ತವೇ ಸರಿ. ಆದರೆ ಹಿಂದಿನವರ ಬಾಳನ್ನು ಬಲ್ಲವರಾಗಬೇಕಾದರೆ ಅವರು ಪ್ರಾರ್ಥಿಸಿದ ಸ್ಥಳವನ್ನಷ್ಟೇ ಅಲ್ಲ, ಅವರು ಅಂಜಿದ ವ್ಯಾಧಿಗಳನ್ನೂ ಆ ವ್ಯಾಧಿಗಳಿಗೆ ಹಚ್ಚಿದ ಮದ್ದುಗಳನ್ನೂ ಅರಿಯಬೇಕು. ಆ ವ್ಯಾಧಿಗಳಲ್ಲಿ ಕುಷ್ಠರೋಗದಷ್ಟು ಮನುಷ್ಯನನ್ನು ಮನುಷ್ಯನಿಂದ ದೂರ ಮಾಡಿದ್ದು ಮತ್ತೊಂದಿಲ್ಲ. ಅದಕ್ಕೆ ನಮ್ಮ ನಾಡಿನ ಕಾಡುಗಳು ಒದಗಿಸಿದ ಒಂದು ಎಣ್ಣೆಯ ಕಥೆಯನ್ನೂ, ಅದರೊಡನೆ ಹೆಣೆದುಕೊಂಡ ಕೆಲವು ಪುಣ್ಯಜೀವಿಗಳ ಸ್ಮರಣೆಯನ್ನೂ ಇಲ್ಲಿ ಸಂಗ್ರಹವಾಗಿ ನಿರೂಪಿಸಲು ಉದ್ದೇಶಿಸಿದ್ದೇವೆ.

ಮರದ ಪರಿಚಯ

ಪಶ್ಚಿಮ ಘಟ್ಟಗಳ ತೊರೆಗಳ ಇಕ್ಕೆಲಗಳಲ್ಲಿ, ನೆರಳು ದಟ್ಟವಾಗಿ ತೇವ ಆರದಿರುವ ಎಡೆಗಳಲ್ಲಿ, ನಿತ್ಯಹಸುರಾದ ಒಂದು ಮಧ್ಯಮ ಗಾತ್ರದ ಮರ ಬೆಳೆಯುತ್ತದೆ. ಕನ್ನಡದಲ್ಲಿ ಅದನ್ನು ಗರುಡಫಲವೆಂದೂ ಸುರಂಟಿಯೆಂದೂ ಕರೆಯುವರು. ಮಲಯಾಳದಲ್ಲಿ ಅದು ಮರೋಟ್ಟಿ. ಸಂಸ್ಕೃತ ವೈದ್ಯಗ್ರಂಥಗಳಲ್ಲಿ ತುವರಕ. ಸಸ್ಯಶಾಸ್ತ್ರಜ್ಞರು ಅದನ್ನು ಹಿಡ್ನೋಕಾರ್ಪಸ್ ಎಂಬ ಕುಲಕ್ಕೆ ಸೇರಿಸಿದ್ದಾರೆ. ಅಸ್ಸಾಂ ಮತ್ತು ಬರ್ಮಾ ಪ್ರಾಂತ್ಯಗಳ ಕಾಡುಗಳಲ್ಲಿ ಇದರ ದಾಯಾದಿಯಾದ ಇನ್ನೊಂದು ಮರವಿದ್ದು, ಅದರ ಎಣ್ಣೆ ಚಾಲ್ಮೂಗ್ರ ಎಂಬ ಹೆಸರಿನಿಂದ ಜಗತ್ಪ್ರಸಿದ್ಧವಾಯಿತು.

ಗರುಡಫಲದ ಕಾಯಿ ಗುಂಡಗೆ, ಕಂದು ಬಣ್ಣದ ಗಟ್ಟಿ ಕರಟವುಳ್ಳದ್ದು. ಒಳಗಿನ ಬೀಜಗಳಲ್ಲಿ ಎಣ್ಣೆ ಹೇರಳ. ಆ ಎಣ್ಣೆ ಆಹಾರಕ್ಕೆ ಒದಗುವಂಥದಲ್ಲ. ಕಾಯಿಯನ್ನು ಜಜ್ಜಿ ಮಡುವಿಗೆ ಹಾಕಿ ಮೀನುಗಳನ್ನು ಮೂರ್ಛೆಗೊಳಿಸುವ ರೂಢಿ ಹಿಂದೆ ಇತ್ತೆಂಬುದರಿಂದಲೇ ಅದರ ವಿಷಗುಣವನ್ನು ಊಹಿಸಬಹುದು. ಕೇರಳದಲ್ಲಿ ಈ ಕಾಯಿಯ ಕರಟವನ್ನೇ ಹಣತೆಯಾಗಿಸಿ ಕಾರ್ತಿಕದ ದೀಪಗಳನ್ನು ಬೆಳಗುವ ಸಂಪ್ರದಾಯವೂ ಉಂಟು. ಹೀಗೆ ಒಂದು ಕೈಗೆ ವಿಷವಾಗಿ, ಇನ್ನೊಂದು ಕೈಗೆ ದೀಪವಾಗಿ ಒದಗಿದ ಈ ಫಲ, ಮೂರನೆಯ ಕೈಗೆ ಮದ್ದಾಗಿ ಒದಗಿತು.

ವ್ಯಾಧಿಯ ಸ್ವರೂಪ

ಮದ್ದಿನ ಮಾತಿಗೆ ಮುನ್ನ ವ್ಯಾಧಿಯ ಮಾತು ಅವಶ್ಯ. ಕುಷ್ಠರೋಗವು ಶಾಪವೂ ಅಲ್ಲ, ಪಾಪದ ಫಲವೂ ಅಲ್ಲ, ವಂಶಪಾರಂಪರ್ಯವಾಗಿ ಬರುವಂಥದೂ ಅಲ್ಲ. ಕಣ್ಣಿಗೆ ಕಾಣದ ಒಂದು ಸೂಕ್ಷ್ಮಾಣುವಿನ ಸೋಂಕೇ ಅದಕ್ಕೆ ಕಾರಣ. ನಾರ್ವೆ ದೇಶದ ವೈದ್ಯ ಗೆರ್ಹಾರ್ಡ್ ಹ್ಯಾನ್ಸೆನ್ ಎಂಬವರು ಈ ಸೂಕ್ಷ್ಮಾಣುವನ್ನು ಕಂಡದ್ದು 1873ರಲ್ಲಿ. ಈ ಜೀವಿ ಅತ್ಯಂತ ಮಂದಗತಿಯದು. ಒಂದು ಎರಡಾಗಲು ಸುಮಾರು ಎರಡು ವಾರಗಳು ಹಿಡಿಯುತ್ತವೆ. ದೇಹವನ್ನು ಹೊಕ್ಕ ಮೇಲೆ ರೋಗಚಿಹ್ನೆ ತೋರಲು ವರ್ಷಗಳೇ ಕಳೆಯಬಹುದು. ಬಹುಪಾಲು ಮನುಷ್ಯರಿಗೆ ಇದನ್ನು ತಡೆಯುವ ಶಕ್ತಿ ಹುಟ್ಟಿನಿಂದಲೇ ಇರುತ್ತದೆ.

ಸೂಕ್ಷ್ಮಾಣು ಚರ್ಮದಲ್ಲಿಯೂ ನರಗಳಲ್ಲಿಯೂ ನೆಲೆಸುತ್ತದೆ. ಅದನ್ನು ಎದುರಿಸಲು ದೇಹವು ಹೂಡುವ ಹೋರಾಟದಲ್ಲಿ ನರಗಳು ಉರಿಯೂತಕ್ಕೆ ಸಿಕ್ಕಿ ಬಾತು ನಾಶವಾಗುತ್ತವೆ. ನರ ಸತ್ತಲ್ಲಿ ಸ್ಪರ್ಶಜ್ಞಾನವಿಲ್ಲ. ಸ್ಪರ್ಶಜ್ಞಾನವಿಲ್ಲದ ಕೈ ಬೆಂಕಿಯನ್ನು ಅರಿಯದು, ಕಾಲು ಮುಳ್ಳನ್ನು ಅರಿಯದು. ಗಾಯದ ಮೇಲೆ ಗಾಯವಾಗಿ ಬೆರಳುಗಳು ಸವೆಯುತ್ತವೆ. ಸೋಂಕು ಮತ್ತು ಉರಿಯೂತಗಳೆಂಬ ಈ ಎರಡು ಶತ್ರುಗಳನ್ನು ಒಟ್ಟಿಗೆ ಎದುರಿಸಬಲ್ಲ ಮದ್ದನ್ನೇ ಮನುಷ್ಯಕುಲ ಶತಮಾನಗಳ ಕಾಲ ಅರಸಿತು.

ಪ್ರಾಚೀನರ ಅರಿವು

ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ತುವರಕದ ಪ್ರಸ್ತಾಪವಿದೆ. ಪಶ್ಚಿಮ ಸಮುದ್ರದ ತೀರಪ್ರದೇಶದಲ್ಲಿ ಬೆಳೆಯುವ ಮರವೆಂದು ಅದನ್ನು ಗುರುತಿಸಿ, ಬೀಜದಿಂದ ಎಣ್ಣೆ ತೆಗೆಯುವ ಕ್ರಮವನ್ನೂ, ಕುಷ್ಠಕ್ಕೆ ಅದನ್ನು ಸೇವಿಸುವ ಹಾಗೂ ಲೇಪಿಸುವ ವಿಧಾನವನ್ನೂ ಅಲ್ಲಿ ವಿವರಿಸಲಾಗಿದೆ. ಪ್ರಾಚೀನರು ಕುಷ್ಠವೆಂದಾಗ ಅನೇಕ ಬಗೆಯ ಚರ್ಮವ್ಯಾಧಿಗಳನ್ನು ಒಂದೇ ಹೆಸರಿನಡಿ ಸೇರಿಸಿದ್ದರೆಂಬುದು ನಿಜ. ಆದರೂ ನಮ್ಮ ಕರಾವಳಿಯ ಹಿಂದಿನ ಕಾಡಿನ ಮರವೊಂದನ್ನು ಅವರು ಇಷ್ಟು ಖಚಿತವಾಗಿ ಬಲ್ಲವರಾಗಿದ್ದುದು ಗಮನಾರ್ಹ.

ಬರ್ಮಾದಲ್ಲಿ ಒಂದು ಐತಿಹ್ಯವಿದೆ. ವಾರಾಣಸಿಯ ರಾಮನೆಂಬ ಅರಸ ಕುಷ್ಠಪೀಡಿತನಾಗಿ, ರಾಜ್ಯವನ್ನು ತೊರೆದು ಕಾಡು ಸೇರಿ, ಅಲ್ಲಿ ಕಲವ್ ಎಂಬ ಮರದ ಹಣ್ಣನ್ನು ತಿಂದು ಗುಣ ಹೊಂದಿದನಂತೆ. ಅದೇ ಕಾಡಿನಲ್ಲಿ ಅದೇ ವ್ಯಾಧಿಯಿಂದ ಬಳಲುತ್ತಿದ್ದ ರಾಜಕುಮಾರಿಯನ್ನೂ ಅದೇ ಹಣ್ಣಿನಿಂದ ಗುಣಪಡಿಸಿ ವರಿಸಿದನಂತೆ. ಕಥೆ ಕಥೆಯೇ ಇರಲಿ. ಅರಸನೇ ಆದರೂ ಈ ವ್ಯಾಧಿ ತಗುಲಿದ ಮೇಲೆ ಅವನ ಪಾಲಿಗೆ ಉಳಿದದ್ದು ಕಾಡು ಎಂಬ ಮಾತು ಮಾತ್ರ ಕಟ್ಟುಕಥೆಯಲ್ಲ.

ಕೊಚ್ಚಿಯಲ್ಲಿ ಒಂದು ಮಹಾಗ್ರಂಥ

ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ ಮಲಬಾರಿನ ಡಚ್ ಆಡಳಿತಗಾರನಾಗಿದ್ದ ವಾನ್ ರೀಡ್ ಎಂಬವನು ಆ ನಾಡಿನ ಗಿಡಮರಗಳನ್ನು ಕುರಿತು ಲತೀನ್ ಭಾಷೆಯಲ್ಲಿ ಒಂದು ಬೃಹದ್ಗ್ರಂಥವನ್ನು ರಚಿಸಲು ಕೈಹಾಕಿದನು. ಅದೇ ‘ಹೋರ್ತುಸ್ ಮಲಬಾರಿಕುಸ್’. 1678ರಿಂದ 1693ರವರೆಗೆ ಆಮ್‌ಸ್ಟರ್‌ಡಾಮಿನಲ್ಲಿ 12 ಸಂಪುಟಗಳಾಗಿ ಅದು ಪ್ರಕಟವಾಯಿತು. ಮೊದಲನೆಯ ಸಂಪುಟದಲ್ಲಿಯೇ ನಮ್ಮ ಗರುಡಫಲವು ಮರೋಟ್ಟಿ ಎಂಬ ಹೆಸರಿನಿಂದ ಚಿತ್ರಸಹಿತವಾಗಿ ಕಾಣಿಸಿಕೊಂಡಿದೆ.

ಈ ಗ್ರಂಥದ ಆರಂಭದ ಕಾರ್ಯದಲ್ಲಿ ನೆರವಾದವರು ಕಾರ್ಮೆಲ್ ಸಭೆಯ ಸಂನ್ಯಾಸಿ, ವೈದ್ಯವಿದ್ಯೆಯನ್ನೂ ಬಲ್ಲವರಾಗಿದ್ದ ಇಟಲಿಯ ಸಂತ ಜೋಸೆಫರ ಫಾದರ್ ಮತ್ತೇಯೋ. ಅವರು ಸಸ್ಯಗಳ ಚಿತ್ರಗಳನ್ನು ಬರೆದುಕೊಟ್ಟರು. ಅವು ಸಾಲವೆನಿಸಿದಾಗ ವಾನ್ ರೀಡ್ ಬೇರೆ ಚಿತ್ರಕಾರರನ್ನೂ ಪಂಡಿತರನ್ನೂ ನೇಮಿಸಿಕೊಂಡನು. ಗಿಡಗಳ ಗುಣವನ್ನು ನಿಜಕ್ಕೂ ತಿಳಿಸಿಕೊಟ್ಟವರು ಈ ನೆಲದವರೇ: ಮಲಯಾಳದ ಈಳವ ವೈದ್ಯ ಇಟ್ಟಿ ಅಚ್ಯುತನ್ ಮತ್ತು ಕೊಚ್ಚಿಯಲ್ಲಿ ನೆಲೆಸಿದ್ದ ಕೊಂಕಣಿಗರಾದ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು. 1675ರಲ್ಲಿ ಈ ಮೂವರು ನಾಗರಿ ಲಿಪಿಯಲ್ಲಿ ಬರೆದುಕೊಟ್ಟ ಕೊಂಕಣಿ ಪ್ರಮಾಣಪತ್ರವೂ ಗ್ರಂಥದಲ್ಲಿ ಅಚ್ಚಾಗಿದೆ. ಕಥೋಲಿಕ ಸಂನ್ಯಾಸಿ, ಪ್ರಾಟೆಸ್ಟಂಟ್ ಅಧಿಕಾರಿ, ಈಳವ ವೈದ್ಯ, ಬ್ರಾಹ್ಮಣ ಪಂಡಿತರು: ಅಂದಿನ ದಿನಗಳಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣದ ಇವರೆಲ್ಲರೂ ಒಂದು ಪುಸ್ತಕದಲ್ಲಿ ಒಟ್ಟುಗೂಡಿದರು. ಮದ್ದಿನ ಅರಿವು ಯಾವ ಒಂದು ಜನಾಂಗದ ಆಸ್ತಿಯೂ ಅಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಮೊಲೊಕಾಯ್ ದ್ವೀಪಕ್ಕೆ ಹೋದ ಭಾರತದ ಎಣ್ಣೆ

ಹ್ಯಾನ್ಸೆನ್ ಸೂಕ್ಷ್ಮಾಣುವನ್ನು ಕಂಡ ಅದೇ 1873ರ ಮೇ ತಿಂಗಳಲ್ಲಿ, ಪೆಸಿಫಿಕ್ ಸಾಗರದ ಹವಾಯಿ ದ್ವೀಪಸಮೂಹಕ್ಕೆ ಸೇರಿದ ಮೊಲೊಕಾಯ್ ದ್ವೀಪದ ಕುಷ್ಠರೋಗಿಗಳ ವಸತಿಗೆ ಬೆಲ್ಜಿಯಂ ದೇಶದ ಒಬ್ಬ ತರುಣ ಗುರುಗಳು ತೆರಳಿದರು. ಅವರೇ ಫಾದರ್ ಡೇಮಿಯನ್. ರೋಗಿಗಳನ್ನು ಹಡಗಿನಲ್ಲಿ ತಂದು ಇಳಿಸಿ ಹೋಗುತ್ತಿದ್ದ ಆ ತೀರದಲ್ಲಿ ಅವರು ಮನೆಗಳನ್ನು ಕಟ್ಟಿದರು, ಸತ್ತವರಿಗೆ ಶವಪೆಟ್ಟಿಗೆ ಮಾಡಿದರು, ಹುಣ್ಣುಗಳನ್ನು ತಮ್ಮ ಕೈಯಿಂದಲೇ ತೊಳೆದು ಕಟ್ಟಿದರು. ಕಡೆಗೆ ವ್ಯಾಧಿ ಅವರಿಗೂ ತಗುಲಿತು.

ಇಲ್ಲಿ ನಮ್ಮ ದೇಶದ ಎಣ್ಣೆಯೊಂದು ಕಥೆಯನ್ನು ಪ್ರವೇಶಿಸುತ್ತದೆ. ಅಂಡಮಾನಿನ ಪೋರ್ಟ್ ಬ್ಲೇರ್ ಬಂದೀಖಾನೆಯಲ್ಲಿ ಡೌಗಲ್ ಎಂಬ ವೈದ್ಯನು 1870ರ ದಶಕದಲ್ಲಿ, ಅಲ್ಲಿನ ಕಾಡುಮರಗಳಿಂದ ಸ್ರವಿಸುವ ಗರ್ಜನ್ ಎಣ್ಣೆಯನ್ನು ಸುಣ್ಣದ ತಿಳಿನೀರಿನೊಡನೆ ಕಲಸಿ, ಕುಷ್ಠಪೀಡಿತ ಕೈದಿಗಳಿಗೆ ಕುಡಿಸುವ ಮತ್ತು ಮೈಗೆ ತಿಕ್ಕಿಸುವ ಚಿಕಿತ್ಸೆಯನ್ನು ಆರಂಭಿಸಿದ್ದನು. ಭಾರತ ಪ್ರವಾಸದಲ್ಲಿ ಈ ಎಣ್ಣೆಯ ಸಂಗತಿ ತಿಳಿದ ಇಂಗ್ಲಿಷ್ ಚಿತ್ರಕಾರ ಎಡ್ವರ್ಡ್ ಕ್ಲಿಫರ್ಡ್, ತಾನು ಕಥೋಲಿಕನಲ್ಲದಿದ್ದರೂ, 1888ರ ಡಿಸೆಂಬರಿನಲ್ಲಿ ಅದನ್ನು ಹೊತ್ತು ಮೊಲೊಕಾಯ್ ತಲುಪಿದನು. ಫಾದರ್ ಡೇಮಿಯನರು ಅದನ್ನು ಉಪಯೋಗಿಸಿದರು. ಕೆಲವು ದಿನ ತುಸು ಉತ್ತಮವೆನಿಸಿತು. ಆದರೆ ವ್ಯಾಧಿ ಆಗಲೇ ಬಲಿತಿತ್ತು. 1889ರ ಏಪ್ರಿಲ್ 15ರಂದು, 49ನೆಯ ವಯಸ್ಸಿನಲ್ಲಿ ಅವರು ದೈವಾಧೀನರಾದರು. 2009ರಲ್ಲಿ ಧರ್ಮಸಭೆ ಅವರನ್ನು ಸಂತರೆಂದು ಘೋಷಿಸಿತು. ಅವರ ಕೊನೆಯ ತಿಂಗಳುಗಳಲ್ಲಿ ಅಲ್ಲಿಗೆ ಬಂದು, ಮುಂದೆ 1918ರವರೆಗೆ ಅಲ್ಲಿಯೇ ಸೇವೆಗೈದ ಧರ್ಮಭಗಿನಿ ಮರಿಯಾನ್ನ ಕೋಪ್ ಅವರಿಗೂ 2012ರಲ್ಲಿ ಅದೇ ಪದವಿ ಪ್ರಾಪ್ತವಾಯಿತು.

ಎಣ್ಣೆ ಸಂತರನ್ನು ಉಳಿಸಲಿಲ್ಲ. ಹಾಗಾದರೆ ಅದರಿಂದ ಏನಾಯಿತೆಂದು ಯಾರಾದರೂ ಕೇಳಬಹುದು. ಈ ಚಿಕಿತ್ಸೆಯ ಒಂದು ಅಂಶವನ್ನು ನಾವು ಗಮನಿಸಬೇಕು. ಗುಳಿಗೆಯನ್ನು ದೂರ ನಿಂತೂ ನೀಡಬಹುದು; ಎಣ್ಣೆಯನ್ನು ದಿನವೂ ಮೈಗೆ ತಿಕ್ಕಬೇಕು, ಬೆಳಿಗ್ಗೆ ಸಂಜೆ ಬಹಳ ಹೊತ್ತು ತಿಕ್ಕಬೇಕು. ಕೈಬೆರಳುಗಳನ್ನು ಕಳೆದುಕೊಂಡವನಿಗೆ ಬೇರೆಯವರ ಕೈಯೇ ಗತಿ. ಯಾರೂ ಮುಟ್ಟಬಾರದೆಂದು ಲೋಕವು ವಿಧಿಸಿದ ಮೈಯನ್ನು ಮುಟ್ಟಿಯೇ ತೀರಬೇಕೆಂದು ಈ ಮದ್ದು ವಿಧಿಸಿತು. ಯೇಸುಸ್ವಾಮಿಯು ಕುಷ್ಠರೋಗಿಯನ್ನು ಮಾತಿನಿಂದಷ್ಟೇ ಗುಣಪಡಿಸಬಹುದಾಗಿದ್ದರೂ ಕೈಚಾಚಿ ಮುಟ್ಟಿದರೆಂಬುದನ್ನು ಬಲ್ಲ ನಮಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ.

ಕಂಕನಾಡಿಯ ಆಶ್ರಯಧಾಮ

ಡೇಮಿಯನರ ಮರಣದ ಸುದ್ದಿ ಲೋಕವನ್ನು ಕಲಕಿತು. ಅದರ ಪರಿಣಾಮವಾಗಿ ಬ್ರಿಟನ್ನಿನಲ್ಲಿ ನಿಧಿ ಸಂಗ್ರಹವಾಗಿ, 1890–91ರಲ್ಲಿ ಭಾರತಕ್ಕೆ ಒಂದು ಕುಷ್ಠರೋಗ ಆಯೋಗ ಬಂದಿತು. ಈ ವ್ಯಾಧಿಯ ಅಂಟುವಿಕೆ ಜನರು ಅಂಜುವಷ್ಟು ದೊಡ್ಡದಲ್ಲವೆಂದೂ, ರೋಗಿಗಳನ್ನು ಬಲವಂತವಾಗಿ ಕೂಡಿಹಾಕುವುದು ಅನಗತ್ಯವೆಂದೂ ಆಯೋಗ ಅಭಿಪ್ರಾಯಪಟ್ಟಿತು. ಆದರೂ 1898ರಲ್ಲಿ ಬಡ ರೋಗಿಗಳನ್ನು ಹಿಡಿದು ಆಶ್ರಮಗಳಲ್ಲಿ ಇರಿಸುವ ಕಾನೂನು ಜಾರಿಗೆ ಬಂದಿತು. ಭಯದ ಮುಂದೆ ಸಾಕ್ಷ್ಯ ಸೋತಿತು.

ಇದೇ ಕಾಲದಲ್ಲಿ ನಮ್ಮ ಕರಾವಳಿಯಲ್ಲಿ ಬೇರೊಂದು ಬಗೆಯ ಕಾರ್ಯ ನಡೆದಿತ್ತು. 1878ರ ಕೊನೆಯಲ್ಲಿ ಮಂಗಳೂರಿಗೆ ಬಂದ ಯೇಸುಸಭೆಯ ಗುರುಗಳಲ್ಲಿ ಜರ್ಮನಿಯ ಫಾದರ್ ಆಗಸ್ಟಸ್ ಮುಲ್ಲರ್ ಒಬ್ಬರು. 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗೆ ಔಷಧ ಹಂಚಲು ತೊಡಗಿದ ಅವರು, 1890ರಲ್ಲಿ ಕುಷ್ಠರೋಗಿಗಳಿಗಾಗಿ ಸಂತ ಜೋಸೆಫರ ಹೆಸರಿನ ಆಶ್ರಯಧಾಮವನ್ನು ತೆರೆದರು. ಅವರು ಅನುಸರಿಸಿದ್ದು ಹೋಮಿಯೋಪಥಿ ಪದ್ಧತಿ. ಗಿಡಮೂಲಿಕೆಯ ಎಣ್ಣೆಯ ಪದ್ಧತಿಗೂ ಅದಕ್ಕೂ ವ್ಯತ್ಯಾಸವಿದೆ. ಆದರೆ ಬೀದಿಯ ಪಾಲಾದವನಿಗೆ ಹಾಸಿಗೆ, ಊಟ, ಗಾಯ ತೊಳೆಯುವ ಕೈ ಇವುಗಳನ್ನು ಒದಗಿಸಿದ್ದರಲ್ಲಿ ವ್ಯತ್ಯಾಸವಿರಲಿಲ್ಲ. 1910ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ದಿನವೇ, ಅವರು ನಿಧನರಾದರು. ಅವರು ನೆಟ್ಟ ಸಸಿ ಇಂದು ಬೃಹತ್ ವೈದ್ಯಕೀಯ ಸಂಸ್ಥೆಯಾಗಿ ಬೆಳೆದು ನಿಂತಿದೆ.

ಪ್ರಯೋಗಶಾಲೆಯಲ್ಲಿ ಗರುಡಫಲ

ಪಾಶ್ಚಾತ್ಯ ವೈದ್ಯರ ಗಮನಕ್ಕೆ ಚಾಲ್ಮೂಗ್ರ ಎಣ್ಣೆಯನ್ನು ತಂದವನು ಕಲ್ಕತ್ತೆಯ ಡಾ. ಮೌಅಟ್, ಅದು 1854ರಲ್ಲಿ. ಆದರೆ ಆ ಎಣ್ಣೆ ಯಾವ ಮರದ್ದೆಂಬುದರಲ್ಲಿ ದೀರ್ಘಕಾಲ ಗೊಂದಲವಿತ್ತು. ಗೈನೋಕಾರ್ಡಿಯಾ ಎಂಬ ಬೇರೊಂದು ಮರದ ಬೀಜವನ್ನೇ ಚಾಲ್ಮೂಗ್ರವೆಂದು ತಿಳಿದಿದ್ದರು. ಅದರಲ್ಲಿ ಬೇಕಾದ ಸತ್ವವೇ ಇರಲಿಲ್ಲ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಸಸ್ಯಶಾಸ್ತ್ರಜ್ಞ ಡೇವಿಡ್ ಪ್ರೇನ್ ನಿಜವಾದ ಮರವನ್ನು ಗುರುತಿಸಿದರು. ಲಂಡನ್ನಿನಲ್ಲಿ ಪವರ್ ಎಂಬ ರಸಾಯನಶಾಸ್ತ್ರಜ್ಞರೂ ಅವರ ಸಂಗಡಿಗರೂ 1904–05ರಲ್ಲಿ ಎಣ್ಣೆಯಿಂದ ಚಾಲ್ಮೂಗ್ರಿಕ್ ಮತ್ತು ಹಿಡ್ನೋಕಾರ್ಪಿಕ್ ಎಂಬ ಆಮ್ಲಗಳನ್ನು ಬೇರ್ಪಡಿಸಿದರು. ಮೂಲಿಕೆಯ ಹೆಸರು ಒಂದಾಗಿ ಗಿಡ ಬೇರೆಯಾದರೆ ರೋಗಿಗೆ ಮೋಸವೇ ಸರಿ ಎಂಬ ಪಾಠವನ್ನು ಈ ಪ್ರಸಂಗ ಇಂದಿನವರಿಗೂ ಕಲಿಸುತ್ತದೆ.

ಎಣ್ಣೆಯನ್ನು ಕುಡಿದರೆ ತಡೆಯಲಾರದ ವಾಕರಿಕೆ. ಸೂಜಿಮದ್ದಾಗಿ ಚುಚ್ಚಿದರೆ ಮಂದವಾದ ಎಣ್ಣೆ ಕರಗದೆ ಗಂಟುಕಟ್ಟಿ ವಿಪರೀತ ನೋವು. ಈ ತೊಡಕನ್ನು ಬಿಡಿಸಿದವರು ಹವಾಯಿಯ ಕಾಲೇಜಿನಲ್ಲಿದ್ದ ಆಲಿಸ್ ಬಾಲ್ ಎಂಬ ಕಪ್ಪುವರ್ಣೀಯ ತರುಣಿ. ಎಣ್ಣೆಯ ಆಮ್ಲಗಳನ್ನು ಎಥಿಲ್ ಎಸ್ಟರುಗಳಾಗಿ ಮಾರ್ಪಡಿಸಿ ಸುಲಭವಾಗಿ ಚುಚ್ಚಬಹುದಾದ ಮದ್ದನ್ನು ಅವರು ಸಿದ್ಧಪಡಿಸಿದರು. 1916ರ ಡಿಸೆಂಬರ್ 31ರಂದು, ಕೇವಲ 24ನೆಯ ವಯಸ್ಸಿನಲ್ಲಿ, ಅವರು ಮರಣ ಹೊಂದಿದರು. ಅವರ ಕಾರ್ಯದ ಕೀರ್ತಿ ಬಹುಕಾಲ ಬೇರೆಯವರ ಪಾಲಾಗಿತ್ತು. ಕಲ್ಕತ್ತೆಯಲ್ಲಿ ಡಾ. ಲಿಯೊನಾರ್ಡ್ ರೋಜರ್ಸ್, ಸುಧಾಮಯ ಘೋಷ್ ಮತ್ತು ಡಾ. ಅರ್ನೆಸ್ಟ್ ಮ್ಯೂರ್ ಇದೇ ದಿಕ್ಕಿನಲ್ಲಿ ದುಡಿದರು. ದಕ್ಷಿಣ ಭಾರತದಲ್ಲಿ ತಾಜಾ ಆಗಿ ದೊರೆಯುತ್ತಿದ್ದ ಗರುಡಫಲದ ಎಣ್ಣೆಗೇ ಕ್ರಮೇಣ ಹೆಚ್ಚಿನ ಮನ್ನಣೆ ದೊರೆಯಿತು. 1920 ಮತ್ತು 30ರ ದಶಕಗಳಲ್ಲಿ ಕುಷ್ಠರೋಗ ಆಸ್ಪತ್ರೆಗಳಲ್ಲಿ ವಾರವಾರವೂ, ವರ್ಷಾನುಗಟ್ಟಳೆ ಈ ಸೂಜಿಮದ್ದು ನಡೆಯಿತು.

ಗುಣವೆಷ್ಟು, ಮಿತಿಯೆಷ್ಟು?

ಸತ್ಯವನ್ನೇ ನುಡಿಯಬೇಕಾದರೆ, ಎಣ್ಣೆಯಿಂದ ಕೆಲವರಿಗೆ ಕಲೆಗಳು ಮಾಸಿದವು, ವ್ಯಾಧಿಯ ಏರಿಕೆ ತಗ್ಗಿತು. ಹಲವರಲ್ಲಿ ಅದು ಮರುಕಳಿಸಿತು. ಇನ್ನು ಹಲವರಿಗೆ ಏನೂ ಆಗಲಿಲ್ಲ. ಅದರ ಆಮ್ಲಗಳು ಸೂಕ್ಷ್ಮಾಣುವಿನ ಬೆಳವಣಿಗೆಯನ್ನು ಕುಂದಿಸುವವೆಂಬುದು 1975ರಲ್ಲಿ ಪ್ರಕಟವಾದ, ಇಲಿಗಳ ಮೇಲಿನ ಪ್ರಯೋಗದಿಂದ ತಿಳಿದುಬಂದಿತು. ಹಿರಿಯರ ನಂಬಿಕೆ ಹುಸಿಯಾಗಿರಲಿಲ್ಲ. ಆದರೆ ಅದು ಸಂಪೂರ್ಣ ಪರಿಹಾರವೂ ಆಗಿರಲಿಲ್ಲ.

ಸಂಪೂರ್ಣ ಪರಿಹಾರದ ಹಾದಿ ತೆರೆದದ್ದು 1941ರಲ್ಲಿ, ಅಮೆರಿಕದ ಲೂಸಿಯಾನ ಪ್ರಾಂತ್ಯದ ಕಾರ್ವಿಲ್ ಆಸ್ಪತ್ರೆಯಲ್ಲಿ. 1896ರಿಂದಲೂ ಸಂತ ವಿನ್ಸೆಂಟ್ ದೆ ಪೌಲರ ಭಗಿನಿಯರು ಶುಶ್ರೂಷೆ ನಡೆಸುತ್ತಿದ್ದ ಆ ಸ್ಥಳದಲ್ಲಿ ಡಾ. ಗೈ ಫ್ಯಾಗೆಟ್ ಸಲ್ಫೋನ್ ವರ್ಗದ ಮದ್ದನ್ನು ಮೊದಲಿಗೆ ಪ್ರಯೋಗಿಸಿದರು. ಅದೇ ವರ್ಗದ ಅಗ್ಗದ ಮದ್ದಾದ ಡ್ಯಾಪ್ಸೋನನ್ನು ರೋಗಿಗಳಿಗೆ ಒದಗಿಸುವ ಕಾರ್ಯದಲ್ಲಿ ಮದರಾಸಿನ ಬಳಿಯ ಚೆಂಗಲ್ಪಟ್ಟಿನಲ್ಲಿದ್ದ ಡಾ. ರಾಬರ್ಟ್ ಕಾಕ್ರೇನ್ ಮುಂದಾಳಾದರು. ಸೂಕ್ಷ್ಮಾಣು ಡ್ಯಾಪ್ಸೋನಿಗೂ ಒಗ್ಗಿಕೊಳ್ಳತೊಡಗಿದಾಗ, 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಡ್ಯಾಪ್ಸೋನ್, ರಿಫಾಂಪಿಸಿನ್, ಕ್ಲೋಫಾಜಿಮಿನ್ ಎಂಬ ಮದ್ದುಗಳನ್ನು ಕೂಡಿಸಿ ನೀಡುವ ಬಹುವಿಧ ಔಷಧ ಚಿಕಿತ್ಸೆಯನ್ನು ಶಿಫಾರಸು ಮಾಡಿತು.

ಇವುಗಳಲ್ಲಿ ಕ್ಲೋಫಾಜಿಮಿನಿನ ಪೂರ್ವಕಥೆ ಸ್ವಾರಸ್ಯವುಳ್ಳದ್ದು. ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ವಿನ್ಸೆಂಟ್ ಬ್ಯಾರಿ ಮತ್ತು ಅವರ ಸಂಗಡಿಗರು ಕ್ಷಯಕ್ಕೆ ಮದ್ದು ಹುಡುಕುತ್ತ ಮೊದಲಿಗೆ ಪರೀಕ್ಷಿಸಿದ್ದು ಬಂಡೆಗಳ ಮೇಲೆ ಬೆಳೆಯುವ ಕಲ್ಲುಹೂವಿನ ಸಾರವನ್ನು. ಆ ಸಾರದ ರಚನೆಯನ್ನು ಅನುಸರಿಸಿ ಹೆಜ್ಜೆ ಹೆಜ್ಜೆಯಾಗಿ ಮುಂದುವರಿದು 1950ರ ದಶಕದಲ್ಲಿ ಅವರು ತಲುಪಿದ್ದು ಕ್ಲೋಫಾಜಿಮಿನನ್ನು. ಕ್ಷಯಕ್ಕೆ ಆಗ ಅಷ್ಟಾಗಿ ಒದಗದ ಅದು ಕುಷ್ಠಕ್ಕೆ ಒದಗಿತು. ಸೋಂಕನ್ನು ಅಡಗಿಸುವುದಲ್ಲದೆ ಉರಿಯೂತವನ್ನೂ ಶಮನಗೊಳಿಸಿತು. ಹಿಂದಿನವರು ಗರುಡಫಲದಲ್ಲಿ ಅರಸಿದ ಎರಡು ಗುಣಗಳೂ ಕಲ್ಲುಹೂವಿನಿಂದ ಹೊರಟ ದಾರಿಯಲ್ಲಿ ದೊರೆತವು.

ಇಂದಿನ ಕರ್ತವ್ಯ

ಈ ಚಿಕಿತ್ಸೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ದೊರೆಯುತ್ತದೆ. ವ್ಯಾಧಿಯ ಬಗೆಯನ್ನು ಅನುಸರಿಸಿ 6 ತಿಂಗಳು ಇಲ್ಲವೆ 12 ತಿಂಗಳು ತಪ್ಪದೆ ಸೇವಿಸಿದರೆ ಗುಣ ನಿಶ್ಚಿತ. ಔಷಧ ಆರಂಭಿಸಿದ ಅಲ್ಪಕಾಲದಲ್ಲಿಯೇ ರೋಗಿಯಿಂದ ಸೋಂಕು ಹರಡುವುದು ನಿಲ್ಲುತ್ತದೆ. ಆದುದರಿಂದ ಸ್ಪರ್ಶಜ್ಞಾನವಿಲ್ಲದ ಮಾಸಲು ಮಚ್ಚೆ ಕಂಡಾಗ, ಮೊದಲು ಮನೆಮದ್ದಿನ ಎಣ್ಣೆಯನ್ನು ಹಚ್ಚಿ ನೋಡೋಣವೆಂದು ತಿಂಗಳುಗಳನ್ನು ಕಳೆಯುವುದು ಸಲ್ಲದು. ಆ ತಿಂಗಳುಗಳಲ್ಲಿ ಸತ್ತ ನರ ಮತ್ತೆ ಬದುಕದಿರಬಹುದು. ಗರುಡಫಲಕ್ಕೆ ನಾವು ಸಲ್ಲಿಸಬೇಕಾದದ್ದು ಕೃತಜ್ಞತೆ. ಚಿಕಿತ್ಸೆಯ ಹೊರೆಯನ್ನು ಅದರ ಮೇಲೆ ಮತ್ತೆ ಹೊರಿಸುವುದು ತರವಲ್ಲ.

ವ್ಯಾಧಿ ಅಳಿದುಹೋಗಿದೆಯೆಂದು ತಿಳಿಯುವುದೂ ಸರಿಯಲ್ಲ. ಇದು ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ಉಳಿದಿಲ್ಲವೆಂದು 2005ರಲ್ಲಿ ಭಾರತ ಘೋಷಿಸಿದ್ದರೂ, ಇತ್ತೀಚಿನ ವರ್ಷಗಳಲ್ಲಿಯೂ ದೇಶದಲ್ಲಿ ವರ್ಷಕ್ಕೆ ಸುಮಾರು ಒಂದು ಲಕ್ಷ ಹೊಸ ರೋಗಿಗಳು ಪತ್ತೆಯಾಗುತ್ತಿದ್ದಾರೆ. 1898ರ ಕಾನೂನು ರದ್ದಾದದ್ದು 2016ರಲ್ಲಿ. ಕುಷ್ಠರೋಗವನ್ನು ವಿವಾಹ ವಿಚ್ಛೇದನಕ್ಕೆ ಕಾರಣವೆಂದು ಪರಿಗಣಿಸುವ ವಿಧಿ ಹಿಂದೂಗಳ ಕಾನೂನಿನಲ್ಲಿದ್ದಂತೆ ಕ್ರೈಸ್ತರಿಗೆ ಅನ್ವಯಿಸುವ ಕಾನೂನಿನಲ್ಲಿಯೂ ಇತ್ತು. ಅದನ್ನು ತೆಗೆದುಹಾಕಿದ್ದು 2019ರಲ್ಲಿ. ಅಂದರೆ ನಿಶ್ಚಿತವಾದ ಮದ್ದು ದೊರೆತು 38 ವರ್ಷಗಳು ಸಂದ ಮೇಲೆ ಆ ಮಾತು ಕಾನೂನಿನ ಪುಟದಿಂದ ಅಳಿಯಿತು. ಮನಸ್ಸಿನ ಪುಟದಿಂದ ಅದು ಅಳಿಯಲು ಯಾವ ಸಂಸತ್ತಿನ ಅಂಗೀಕಾರವೂ ಬೇಕಿಲ್ಲ.

ಸೂಕ್ಷ್ಮಾಣುವನ್ನು ಕೊಲ್ಲುವ ಮದ್ದು ಇಲ್ಲದ ಕಾಲದಲ್ಲಿ ಹಿಂದಿನವರು ಎಣ್ಣೆ ಹಚ್ಚಿದ ಕೈಯಿಂದ ರೋಗಿಯನ್ನು ಮುಟ್ಟಿದರು. ನಮ್ಮ ಕಾಲದಲ್ಲಿ ಮದ್ದಿದೆ. ಗುಣ ಹೊಂದಿ ಊರಿಗೆ ಮರಳಿದವನಿಗೆ ದುಡಿಮೆಯ ತಾಣದಲ್ಲಿ ಕೆಲಸ, ನಮ್ಮ ಮನೆಯ ಮದುವೆಯ ಪಂಕ್ತಿಯಲ್ಲಿ ಎಡೆ, ದೇವಾಲಯದ ಬೆಂಚಿನಲ್ಲಿ ನಮ್ಮ ಪಕ್ಕದ ಜಾಗ ದೊರೆಯಬೇಕು. ಇಷ್ಟನ್ನು ನಡೆಸಿಕೊಡುವುದು ಮುಂದಿನ ನೂರು ವರ್ಷಗಳಿಗೆ ಮುಂದೂಡಬೇಕಾದ ಕಾರ್ಯವಲ್ಲ.